ಬ್ಯಾಂಕಿನ ದತ್ತಸಂಚಯದಲ್ಲಿ ಪ್ರತಿಯೂ ವಿಸ್ತಾರವೂ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಸಮೀಪದಲ್ಲಿ ಸೈನಿಕರಿಗಾಗಿ ನಿರ್ಮಿಸಿದ್ದ ಶಿಬಿರಗಳಲ್ಲಿ, ದೇಶವಿಭಜನೆಯಾದ ಮೇಲೆ, ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲಾಯಿತು. 1949ರ ಆಗಸ್ಟ್ 8ರಂದು ಆಗಿನ ಗವರ್ನರ್-ಜನರಲ್ ರಾಜಗೋಪಾಲಾಚಾರಿಯವರು ಅಲ್ಲಿ ಪಟ್ಟಣದ ಅಸ್ತಿಭಾರವನ್ನಿಟ್ಟರು. ಹತ್ತಿರ ಹರಿಯುವ ಉಲ್ಹಾಸ ನದಿಯಿಂದ ಅದಕ್ಕೆ ಉಲ್ಹಾಸನಗರವೆಂಬ ಹೆಸರು ಬಂದಿತು. ಶಿಬಿರಗಳ ಐದು ಸಂಖ್ಯೆಗಳು ಇಂದಿಗೂ ಅಲ್ಲಿನ ವಿಳಾಸಗಳಲ್ಲಿ ಉಳಿದಿವೆ. ಹೀಗೆ ಬಂದವರು ಬಿಟ್ಟುಬಂದ ಸ್ವತ್ತುಗಳಿಗೆ ಪರಿಹಾರ ಕೊಡುವ ಸಲುವಾಗಿ 1950ರಲ್ಲಿ ಕ್ಲೇಮುಗಳ ಕಾಯಿದೆಯೂ 1954ರಲ್ಲಿ ಪರಿಹಾರ ಮತ್ತು ಪುನರ್ವಸತಿಯ ಕಾಯಿದೆಯೂ ಜಾರಿಗೆ ಬಂದುವು. ಕ್ಲೇಮು ಹೂಡುವವನು ತನ್ನ ಸ್ವತ್ತು ಎಂಥದು, ಎಷ್ಟರದು ಎಂಬುದನ್ನು ಸಿದ್ಧಪಡಿಸಬೇಕು. ಆದರೆ ಅದಕ್ಕೆ ಆಧಾರವಾಗತಕ್ಕ ಸರ್ಕಾರಿ ಪುಸ್ತಕಗಳು ಸ್ವತ್ತು ಇದ್ದಲ್ಲಿಯೇ, ಗಡಿಯ ಆಚೆಗೆ, ಉಳಿದಿದ್ದುವು. ಪತ್ರದ ನಕಲೊಂದನ್ನು ಹಿಡಿದು ಬಂದವನಿಗೂ ಬರಿಗೈಯಲ್ಲಿ ಬಂದವನಿಗೂ ಇದ್ದ ಅಂತರ ಸಣ್ಣದಲ್ಲ.

ದಾಖಲೆಯ ಇನ್ನೊಂದು ಪ್ರತಿ ಬೇರೊಂದು ಊರಿನಲ್ಲಿರಬೇಕೆಂಬ ಮಾತನ್ನು ಆದ್ದರಿಂದ ಈ ಪಟ್ಟಣಕ್ಕೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಸುತ್ತಣ ಪ್ರದೇಶವಾದರೂ ಆ ಪಾಠವನ್ನು ಆಗಾಗ್ಗೆ ಒಪ್ಪಿಸಿಕೊಳ್ಳುತ್ತ ಬಂದಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ 944 ಮಿಲಿಮೀಟರು ಮಳೆ ಬಿದ್ದಾಗ ಉಲ್ಹಾಸ ನದಿಯೂ ಉಕ್ಕಿ, ಬದ್ಲಾಪುರ ಕಲ್ಯಾಣಗಳ ತಗ್ಗಿನ ಬಡಾವಣೆಗಳಲ್ಲಿ ನೀರು ನಿಂತಿತು. 2020ರ ಅಕ್ಟೋಬರ್ 12ರಂದು ಠಾಣೆ ಜಿಲ್ಲೆಯ ಪಡಘಾ-ಕಳವಾ ವಿದ್ಯುನ್ಮಾರ್ಗಗಳು ಕೆಟ್ಟು ಮುಂಬಯಿ, ಠಾಣೆ, ನವಿಮುಂಬಯಿ ಮೂರಕ್ಕೂ ಒಮ್ಮೆಗೇ ವಿದ್ಯುತ್ತು ಕಡಿಯಿತು. ದೇಶದ ಹಣಕಾಸಿನ ಲೆಕ್ಕಗಳನ್ನಿಡುವ ಗಣಕಯಂತ್ರಗಳ ಬಹುಭಾಗ ನೆಲಸಿರುವುದೂ ಇದೇ ಪ್ರದೇಶದಲ್ಲಿಯೇ. ಬೇಲಾಪುರದಲ್ಲಿ ಸ್ಟೇಟ್ ಬ್ಯಾಂಕಿನ ಮಾಹಿತಿ ತಂತ್ರಜ್ಞಾನ ಕೇಂದ್ರವಿದೆ. ಖಾರಘರದಲ್ಲಿ ರಿಸರ್ವ್ ಬ್ಯಾಂಕಿನ ದತ್ತಕೇಂದ್ರವಿದೆ. ಐರೋಲಿ, ರಬಾಳೆ, ಮಹಾಪೆಗಳ ಕೈಗಾರಿಕಾ ಪಟ್ಟಿಯಲ್ಲಿ ಕಿಟಕಿಯಿಲ್ಲದ ಎತ್ತರದ ಕಟ್ಟಡಗಳು ಒಂದರ ಪಕ್ಕ ಒಂದು ಎದ್ದಿವೆ. ಇವುಗಳಲ್ಲಿರುವ ಲೆಕ್ಕಕ್ಕೆ ಬೇರೆಡೆಯಲ್ಲಿ ಪ್ರತಿ ಇಲ್ಲದಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಇದು ಒಂದು ಕಡೆಯ ಒತ್ತಡ. ಇನ್ನೊಂದು ಕಡೆಯದು ವಿಸ್ತಾರದ ಒತ್ತಡ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಯುಪಿಐ ಪಾವತಿಗಳ ಸಂಖ್ಯೆ 2019ರ ಅಕ್ಟೋಬರಿನಲ್ಲಿ ಮೊದಲ ಸಲ ತಿಂಗಳಿಗೆ 100 ಕೋಟಿಯನ್ನು ಮೀರಿತು. 2023ರ ಆಗಸ್ಟಿನಲ್ಲಿ 1,000 ಕೋಟಿಯನ್ನು, 2025ರ ಆಗಸ್ಟಿನಲ್ಲಿ 2,000 ಕೋಟಿಯನ್ನು ಮೀರಿತು. ಕೊನೆಯ ಸಂಖ್ಯೆಯನ್ನು ಹಗಲಿರುಳೆನ್ನದೆ ಸಮನಾಗಿ ಹಂಚಿದರೂ ಸೆಕೆಂಡಿಗೆ 7,400ಕ್ಕೆ ಹೆಚ್ಚು ಪಾವತಿಗಳಾಗುತ್ತವೆ; ಸಂಜೆಯ ವೇಳೆಯ ಒತ್ತಡ ಇದಕ್ಕಿಂತ ಬಹಳ ಅಧಿಕ. ಪ್ರತಿಗಳನ್ನು ಹೆಚ್ಚಿಸಿದಷ್ಟೂ ಕ್ಷೇಮ, ಯಂತ್ರಗಳನ್ನು ಹೆಚ್ಚಿಸಿದಷ್ಟೂ ವೇಗ, ಆದ್ದರಿಂದ ಎರಡನ್ನೂ ಹೆಚ್ಚಿಸಿದರೆ ಎರಡೂ ದೊರಕುವುವು ಎಂಬುದು ಸಾಮಾನ್ಯವಾದ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪುತ್ತದೆ, ತಪ್ಪಿದಲ್ಲಿ ಆಯ್ಕೆಯನ್ನು ಯಾರು ಮಾಡಬೇಕು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಪರಿಭಾಷೆಯನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಲೇಸು. ಕ್ರಮಬದ್ಧವಾಗಿ ಶೇಖರಿಸಿಟ್ಟ ಲೆಕ್ಕ ಅಥವಾ ಮಾಹಿತಿಗೆ ದತ್ತಸಂಚಯವೆಂದೂ, ಅದನ್ನು ಕೂಡಿ ನಿರ್ವಹಿಸುವ ಅನೇಕ ಗಣಕಗಳಿಗೆ ಗಣಕಸಮೂಹವೆಂದೂ ಹೆಸರಿಡಬಹುದು. ಒಂದೇ ಮಾಹಿತಿಯನ್ನು ಎರಡು ಮೂರು ಗಣಕಗಳಲ್ಲಿ ಇಡುವುದಕ್ಕೆ ತಜ್ಞರು ರೆಪ್ಲಿಕೇಶನ್ ಎನ್ನುತ್ತಾರೆ, ಇದು ಪ್ರತಿ. ಬೇರೆ ಬೇರೆ ಮಾಹಿತಿಯನ್ನು ಬೇರೆ ಬೇರೆ ಗಣಕಗಳಿಗೆ ಹಂಚುವುದಕ್ಕೆ ಪಾರ್ಟಿಶನ್ ಅಥವಾ ಶಾರ್ಡ್ ಎನ್ನುತ್ತಾರೆ, ಇದು ಪಾಲು. ಕೆಲಸ ಹೆಚ್ಚಿದಂತೆ ಯಂತ್ರಗಳನ್ನು ಸೇರಿಸಿ ಸಾಮರ್ಥ್ಯವನ್ನು ಬೆಳೆಸುವ ಗುಣಕ್ಕೆ ವಿಸ್ತಾರಶಕ್ತಿ ಎನ್ನೋಣ. ಪ್ರತಿಯನ್ನೂ ಪಾಲನ್ನೂ ಒಂದೇ ಎಂದು ತಿಳಿಯುವುದರಿಂದಲೇ ಈ ವಿಷಯದಲ್ಲಿ ಅರ್ಧದಷ್ಟು ಗೊಂದಲ ಹುಟ್ಟುತ್ತದೆ.

ಗಣಕಗಳು ಬರುವ ಮೊದಲು ಬ್ಯಾಂಕಿನ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ನೆನೆದರೆ ಈ ಭೇದ ಸ್ಪಷ್ಟವಾಗುತ್ತದೆ. ಶಾಖೆಯೊಂದರಲ್ಲಿ ಉಳಿತಾಯ ಖಾತೆಗಳು ಹೆಚ್ಚಿದಾಗ ಖಾತೆಗಳನ್ನು ಸಂಖ್ಯೆಯ ಮೇರೆಗೆ ಎರಡು ಲೆಡ್ಜರುಗಳಿಗೆ ವಿಂಗಡಿಸಿ ಇಬ್ಬರು ಗುಮಾಸ್ತರಿಗೆ ಒಪ್ಪಿಸುತ್ತಿದ್ದರು. ಊರು ಬೆಳೆದಾಗ ಹೊಸ ಶಾಖೆ ತೆರೆದು ಅದರ ಲೆಡ್ಜರನ್ನು ಅಲ್ಲಿಯೇ ಇಡುತ್ತಿದ್ದರು. ಇದು ಪಾಲು. ನೂರು ಶಾಖೆಗಳಿದ್ದ ಬ್ಯಾಂಕು ಸಾವಿರ ಶಾಖೆಗಳಾಗಿ ಬೆಳೆಯುವುದಕ್ಕೆ ಇದರಿಂದ ಅಡ್ಡಿಯೇನೂ ಆಗಲಿಲ್ಲ. ಪ್ರತಿಯಾದರೋ ಗ್ರಾಹಕನ ಕೈಯಲ್ಲಿದ್ದ ಪಾಸ್‌ಬುಕ್ಕು. ಲೆಡ್ಜರಿಗೆ ಬಿದ್ದ ಜಮಾಖರ್ಚು ಪಾಸ್‌ಬುಕ್ಕಿಗೆ ಬೀಳುವುದು ಅವನು ಅದನ್ನು ತಂದು ಕೊಟ್ಟಾಗ. ಅಲ್ಲಿಯವರೆಗೆ ಎರಡರಲ್ಲೂ ಎರಡು ಶಿಲ್ಕು. ಯಾರಿಗೂ ಆಶ್ಚರ್ಯವಿಲ್ಲ, ಏಕೆಂದರೆ ಪ್ರಮಾಣವಾದದ್ದು ಲೆಡ್ಜರೆಂದೂ ಪಾಸ್‌ಬುಕ್ಕು ಅದನ್ನು ತಡವಾಗಿ ಹಿಂಬಾಲಿಸತಕ್ಕದ್ದೆಂದೂ ಎಲ್ಲರೂ ಬಲ್ಲರು. ನ್ಯಾಯಾಲಯಕ್ಕೂ ಇದು ಗೊತ್ತಿದ್ದ ಮಾತು: 1891ರ ಬ್ಯಾಂಕರುಗಳ ಪುಸ್ತಕಸಾಕ್ಷ್ಯ ಕಾಯಿದೆಯು ಬ್ಯಾಂಕು ದೃಢೀಕರಿಸಿಕೊಟ್ಟ ನಕಲನ್ನು ಸಾಕ್ಷ್ಯವಾಗಿ ಅಂಗೀಕರಿಸುತ್ತದೆ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಅದಕ್ಕೆ ಸೇರಿದ 2ಎ ವಿಭಾಗವು ಗಣಕದ ಮುದ್ರಿತ ಪ್ರತಿಗೆ ಯಾವ ಯಾವ ಪ್ರಮಾಣಪತ್ರಗಳಿರಬೇಕೆಂಬುದನ್ನು ವಿಧಿಸುತ್ತದೆ.

ಪಾಲು ಮಾಡಿದ್ದರ ಬೆಲೆಯನ್ನು ತೆರಬೇಕಾಗಿದ್ದುದು ಎರಡು ಶಾಖೆಗಳ ನಡುವೆ ಹಣ ಹೋಗಬೇಕಾದಾಗ. ಉಲ್ಹಾಸನಗರದಲ್ಲಿ ಜೀನ್ಸ್ ಉಡುಪುಗಳ ಉದ್ಯಮವಿದೆ, ಬಳ್ಳಾರಿಯಲ್ಲಿಯೂ ಇದೆ. ಉಲ್ಹಾಸನಗರದ ವರ್ತಕನೊಬ್ಬ ಬಳ್ಳಾರಿಯ ಹೊಲಿಗೆಯವನಿಗೆ 40,000 ರೂಪಾಯಿ ಕಳುಹಿಸಬೇಕೆಂದಿಟ್ಟುಕೊಳ್ಳೋಣ. ಹಿಂದಿನ ಪದ್ಧತಿಯಲ್ಲಿ ಇಲ್ಲಿನ ಶಾಖೆಯಲ್ಲಿ ಅವನ ಖಾತೆಗೆ ಖರ್ಚು ಬೀಳುತ್ತಿತ್ತು. ಅಂಚೆಯಲ್ಲಿ ಹೋದ ಸೂಚನಾಪತ್ರ ಗುಂತಕಲ್ಲಿನ ದಾರಿಯಾಗಿ ಬಳ್ಳಾರಿಗೆ ಮುಟ್ಟಿದ ಮೇಲೆ ಅಲ್ಲಿ ಜಮಾ ಆಗುತ್ತಿತ್ತು. ನಡುವಣ ದಿನಗಳಲ್ಲಿ ಆ ಹಣ ಎರಡು ಖಾತೆಗಳಲ್ಲಿಯೂ ಇರುತ್ತಿರಲಿಲ್ಲ. ಅಂತರಶಾಖಾ ಲೆಕ್ಕವೆಂಬ ಮೂರನೆಯದೊಂದರಲ್ಲಿ ಇರುತ್ತಿತ್ತು. ಇಂಥ ಬಾಬುಗಳನ್ನು ತಾಳೆ ನೋಡುವ ಕೆಲಸ ಬ್ಯಾಂಕುಗಳಲ್ಲಿ ವರ್ಷಗಟ್ಟಲೆ ಬಾಕಿ ಬೀಳುತ್ತಿತ್ತು. ವಂಚಕರಿಗೆ ಇದಕ್ಕಿಂತ ಅನುಕೂಲವಾದ ಕತ್ತಲೆ ಬೇರೊಂದಿರಲಿಲ್ಲ. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣವನ್ನು ಕುರಿತು ಕೊಟ್ಟ ವರದಿಯ ಹಿಂದೆ ಈ ಬಾಕಿಯ ಚಿಂತೆಯೂ ಇದ್ದಿತು.

ಮೊದಲು ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು, ಆ ಮೇಲೆ ಶಾಖೆಗೊಂದು ಗಣಕ, ಕೊನೆಗೆ ಈ ಶತಮಾನದ ಮೊದಲ ದಶಕದಲ್ಲಿ ಎಲ್ಲ ಶಾಖೆಗಳ ಲೆಕ್ಕವೂ ಒಂದೇ ಕೇಂದ್ರದಲ್ಲಿ ಸೇರುವ ಕೋರ್ ಬ್ಯಾಂಕಿಂಗ್: ಈ ಚರಿತ್ರೆ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡದ್ದೇ ಆದುದರಿಂದ ವಿಸ್ತರಿಸಬೇಕಾಗಿಲ್ಲ. ಗಮನಿಸತಕ್ಕದ್ದಿಷ್ಟೆ. ಹಲವು ಪಾಲುಗಳಾಗಿದ್ದ ಲೆಕ್ಕ ಒಂದಾಯಿತು. ಒಂದಾದ ಕೂಡಲೇ ಅದಕ್ಕೆ ಪ್ರತಿ ಅನಿವಾರ್ಯವಾಯಿತು. ಒಂದು ಶಾಖೆ ಸುಟ್ಟರೆ ಒಂದು ಶಾಖೆಯ ಲೆಡ್ಜರು ಹೋಗುತ್ತಿತ್ತು. ಕೇಂದ್ರ ಕೆಟ್ಟರೆ ಬ್ಯಾಂಕೇ ನಿಲ್ಲುತ್ತದೆ.

ಪಾಲುಗಳ ನೆನಪು ಮಾತ್ರ ಸಂಪೂರ್ಣವಾಗಿ ಅಳಿಯಲಿಲ್ಲ. ಐಎಫ್‌ಎಸ್‌ ಸಂಕೇತದ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನೂ ಕೊನೆಯ ಆರು ಶಾಖೆಯನ್ನೂ ಸೂಚಿಸುತ್ತವೆ, ನಡುವಣದು ಸೊನ್ನೆ. ಬೇಕಾದ ಖಾತೆ ಯಾವ ಪಾಲಿನಲ್ಲಿದೆ ಎಂದು ತೋರಿಸುವ ಕೈಕಂಬ ಅದು. ಕೈಕಂಬವನ್ನು ಬದಲಿಸುವುದು ಎಷ್ಟು ಕಷ್ಟವೆಂಬುದು ಕರಾವಳಿಯ ಬ್ಯಾಂಕುಗಳ ವಿಲೀನದಲ್ಲಿ ಕಂಡುಬಂದಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಸಿಂಡಿಕೇಟಿನ ಹಳೆಯ ಸಂಕೇತಗಳು ನಿಂತದ್ದು 2021ರ ಜುಲೈ 1ರಿಂದ. ಹದಿನೈದು ತಿಂಗಳ ಕಾಲ ಹಳೆಯ ವಿಳಾಸಕ್ಕೆ ಬಂದ ಹಣವನ್ನು ಹೊಸ ವಿಳಾಸಕ್ಕೆ ದಾಟಿಸುತ್ತಿರಬೇಕಾಯಿತು. ಡೊಂಬಿವಲಿ ಠಾಣೆಗಳ ಎಷ್ಟೋ ಕನ್ನಡ ಕುಟುಂಬಗಳಿಗೆ ಪಿಂಚಣಿ ಮತ್ತು ಬಡ್ಡಿಯ ಕಾಗದಗಳನ್ನು ತಿದ್ದಿಸಿಕೊಂಡ ಆ ದಿನಗಳು ಮರೆತಿರಲಾರವು.

ಇನ್ನು ಪ್ರತಿಯ ಸ್ವರೂಪ. ದತ್ತಸಂಚಯದಲ್ಲಿ ಪ್ರತಿಯೊಂದು ಬದಲಾವಣೆಯೂ ಮೊದಲು ಕಾಲಾನುಕ್ರಮದಲ್ಲಿ ಒಂದು ಪಟ್ಟಿಗೆ ಬಿದ್ದು, ಆಮೇಲೆ ತನ್ನ ಸ್ಥಾನಕ್ಕೆ ಹೋಗುತ್ತದೆ. ನಮ್ಮ ಅಂಗಡಿಗಳ ಕಿರ್ದಿ ಮತ್ತು ಖಾತಾವಣಿಗಳ ಸಂಬಂಧವೇ ಇದು. ಪ್ರತಿ ಇಡುವುದೆಂದರೆ ಕಿರ್ದಿಯನ್ನು ಇನ್ನೊಂದು ಊರಿಗೆ ಕಳುಹಿಸಿ ಅಲ್ಲಿಯೂ ಅದರಿಂದ ಖಾತಾವಣಿ ಕಟ್ಟುವುದು. ಹೀಗಿರಲು ಒಂದು ಮಾತು ತಾನಾಗಿಯೇ ಸಿದ್ಧವಾಗುತ್ತದೆ. ಒಂದು ಗಣಕವು ಸೆಕೆಂಡಿಗೆ 1,000 ಬಾಬುಗಳನ್ನು ಬರೆಯಬಲ್ಲುದಾದರೆ, ಪೂರ್ಣಪ್ರತಿಗಳುಳ್ಳ ಐದು ಗಣಕಗಳು ಕೂಡಿಯೂ 1,000ವನ್ನೇ ಬರೆಯಬಲ್ಲುವು. ಏಕೆಂದರೆ ಪ್ರತಿಯೊಂದು ಬಾಬನ್ನೂ ಐವರೂ ಬರೆಯಬೇಕು. ಓದುವ ಕೆಲಸವನ್ನು ಮಾತ್ರ ಐವರಿಗೆ ಹಂಚಬಹುದು. ಓದು ಹೆಚ್ಚಿದರೆ ಪ್ರತಿ, ಬರಹ ಹೆಚ್ಚಿದರೆ ಪಾಲು.

ಐದು ಗಣಕಗಳಲ್ಲಿ ಎಲ್ಲಿ ಬೇಕಾದರೂ ಬರೆಯಲು ಅವಕಾಶ ಕೊಟ್ಟರಾಗದೆ? ಆಗುತ್ತದೆ, ಆದರೆ ಅದರ ಫಲವನ್ನು ಜಿಮ್ ಗ್ರೇ ಮತ್ತು ಅವರ ಮೂವರು ಸಹಲೇಖಕರು 1996ರಲ್ಲಿಯೇ ಗಣಿತದಿಂದ ತೋರಿಸಿಕೊಟ್ಟರು. ಒಂದೇ ಖಾತೆಯನ್ನು ಇಬ್ಬರು ಎರಡು ಕಡೆ ಹಿಡಿದರೆ ಒಬ್ಬನು ಇನ್ನೊಬ್ಬನಿಗಾಗಿ ಕಾಯುತ್ತ ಇಬ್ಬರೂ ಕಟ್ಟುಬೀಳುತ್ತಾರೆ. ಗಣಕಗಳೂ ಕೆಲಸವೂ ಹತ್ತು ಪಟ್ಟಾದರೆ ಇಂಥ ಕಟ್ಟುಗಳು, ಅಥವಾ ಬಳಿಕ ಸರಿಪಡಿಸಬೇಕಾದ ತೊಡಕುಗಳು, ಸಾವಿರ ಪಟ್ಟಾಗುತ್ತವೆ ಎಂಬುದು ಅವರ ಲೆಕ್ಕ. ಎರಡು ಯಂತ್ರಗಳಲ್ಲಿ ಪ್ರಯೋಗ ಮಾಡಿ ತೃಪ್ತಿಪಟ್ಟ ವ್ಯವಸ್ಥೆ ಇಪ್ಪತ್ತರಲ್ಲಿ ಕುಸಿಯುವುದಕ್ಕೆ ಕಾರಣವಿದೇ. ಪ್ರತಿಯೊಂದು ಖಾತೆಗೂ ಒಬ್ಬ ಯಜಮಾನ ಗಣಕವಿರಬೇಕು, ಬರೆಯತಕ್ಕದ್ದು ಅಲ್ಲಿಯೇ, ಉಳಿದುವು ಹಿಂಬಾಲಿಸಬೇಕು ಎಂಬುದು ಅವರ ಪರಿಹಾರದ ತಿರುಳು. ಲೆಡ್ಜರು ಮತ್ತು ಪಾಸ್‌ಬುಕ್ಕುಗಳ ಹಳೆಯ ಸಂಬಂಧಕ್ಕೆ ಇದು ಎಷ್ಟು ಹತ್ತಿರವೆಂಬುದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಇಂದಿನ ದೊಡ್ಡ ಗಣಕಸಮೂಹಗಳಲ್ಲಿ ಎರಡು ಉಪಾಯಗಳೂ ಕೂಡಿರುತ್ತವೆ: ಲೆಕ್ಕವನ್ನು ಪಾಲು ಮಾಡುವುದು, ಒಂದೊಂದು ಪಾಲಿಗೂ ಎರಡು ಮೂರು ಪ್ರತಿಗಳನ್ನಿಡುವುದು. ಇಲ್ಲಿಯೇ ನಿಜವಾದ ಕಷ್ಟ ಎದುರಾಗುತ್ತದೆ. ಯಜಮಾನ ಗಣಕ ಬಾಬನ್ನು ಬರೆದುಕೊಂಡಿತು. ಪ್ರತಿಯ ಗಣಕ ಇನ್ನೂ ಉತ್ತರಿಸಿಲ್ಲ. ಗ್ರಾಹಕನಿಗೆ ‘ಆಯಿತು’ ಎಂದು ಹೇಳಬಹುದೆ, ಕಾಯಬೇಕೆ? ಕಾದರೆ ಸಮಕಾಲಿಕ ಪ್ರತಿ; ಕಾಯದಿದ್ದರೆ ಹಿಂಬಾಲಕ ಪ್ರತಿ. ಕಾಯದೆ ಹೇಳಿದ ಮರುಕ್ಷಣದಲ್ಲಿ ಯಜಮಾನ ಗಣಕ ಕೆಟ್ಟರೆ, ಬ್ಯಾಂಕು ಮಾತು ಕೊಟ್ಟದ್ದಕ್ಕೆ ಎಲ್ಲಿಯೂ ದಾಖಲೆಯಿರುವುದಿಲ್ಲ. ಪ್ರತಿಯು ಎರಡು ಸೆಕೆಂಡು ಹಿಂದಿದ್ದು ಸೆಕೆಂಡಿಗೆ 1,000 ಬಾಬುಗಳಾಗುತ್ತಿದ್ದರೆ 2,000 ಮಂದಿಯ ಹಣದ ಮಾತು ಅದು.

ಕಾಯುವುದಕ್ಕೆ ಬೆಲೆಯುಂಟು, ಅದನ್ನು ಅಳೆಯಬಹುದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರು ಚಲಿಸುತ್ತದೆ. 30 ಕಿಲೋಮೀಟರು ದೂರದ ಕೇಂದ್ರಕ್ಕೆ ಹೋಗಿ ಬರಲು 0.3 ಮಿಲಿಸೆಕೆಂಡು ಸಾಕು. ಅಂದರೆ ನವಿಮುಂಬಯಿಯಿಂದ ಬಾಂದ್ರಾ-ಕುರ್ಲಾದಷ್ಟು ದೂರಕ್ಕೆ ಕಾಯುವುದು ಕಷ್ಟವಲ್ಲ. ಬೆಂಗಳೂರಿಗೆ ತಂತಿಯ ದಾರಿ 1,000 ಕಿಲೋಮೀಟರೆಂದು ಹಿಡಿದರೆ ಹೋಗಿ ಬರಲು 10 ಮಿಲಿಸೆಕೆಂಡು. ಮನುಷ್ಯನ ಅನುಭವಕ್ಕೆ ಅದು ಬಾರದು. ಆದರೆ ಒಂದೇ ಖಾತೆಗೆ ಒಂದಾದ ಮೇಲೊಂದು ಜಮಾ ಬೀಳಬೇಕಾಗಿ, ಒಂದೊಂದಕ್ಕೂ ಅಷ್ಟು ಕಾಯಬೇಕಾದರೆ ಸೆಕೆಂಡಿಗೆ 100ಕ್ಕಿಂತ ಹೆಚ್ಚು ಜಮಾ ಸಾಧ್ಯವಿಲ್ಲ. ಹತ್ತಿರದ ಕೇಂದ್ರವಾದರೆ 3,300ರಷ್ಟು ಆದೀತು. ಯಂತ್ರವನ್ನು ಎಷ್ಟು ದೊಡ್ಡದಾಗಿ ಕೊಂಡರೂ ಬೆಳಕಿನ ವೇಗ ಹೆಚ್ಚುವುದಿಲ್ಲ. ವಿದ್ಯುತ್ ಕಂಪನಿಯ ವಸೂಲಿ ಖಾತೆಯಂಥವು ಬಿಲ್ಲಿನ ಕೊನೆಯ ದಿನ ಸಂಜೆ ಇಂಥ ಇಕ್ಕಟ್ಟಿಗೆ ಸಿಕ್ಕುತ್ತವೆ. ಖಾತೆ ಒಂದೇ ಆದುದರಿಂದ ಪಾಲು ಮಾಡಿದ ಮಾತ್ರಕ್ಕೆ ಉಪಯೋಗವಿಲ್ಲ. ಒಂದು ಖಾತೆಯನ್ನೇ ಹತ್ತು ಉಪಖಾತೆಗಳಾಗಿ ಒಡೆದು ರಾತ್ರಿ ಬೇರಿಜು ಹಾಕುವುದೋ, ನೂರು ಜಮಾಗಳನ್ನು ಒಟ್ಟುಗೂಡಿಸಿ ಒಂದಾಗಿ ಬರೆಯುವುದೋ ಇದಕ್ಕೆ ಇರುವ ದಾರಿ.

ಆದುದರಿಂದಲೇ ಬಹಳ ಸಂಸ್ಥೆಗಳು ಮೂರು ನೆಲೆಗಳ ವ್ಯವಸ್ಥೆ ಮಾಡಿಕೊಂಡಿವೆ: ಮುಖ್ಯ ಕೇಂದ್ರ; ಕೆಲವು ಹತ್ತು ಕಿಲೋಮೀಟರುಗಳಲ್ಲಿ ಸಮಕಾಲಿಕ ಪ್ರತಿಯ ಸಮೀಪಕೇಂದ್ರ; ಬೇರೆ ಭೂಕಂಪವಲಯದಲ್ಲಿ ಹಿಂಬಾಲಕ ಪ್ರತಿಯ ದೂರಕೇಂದ್ರ. ಬೆಂಕಿಗೆ ಸಮೀಪದ್ದು ಸಾಕು. 2005ರ ಮಳೆಯಂಥದಕ್ಕೂ 2020ರ ಕತ್ತಲೆಯಂಥದಕ್ಕೂ ದೂರದ್ದೇ ಬೇಕು.

ಈ ವ್ಯವಸ್ಥೆಯಲ್ಲಿ ಅಡಗಿರುವ ಒಂದು ತೊಡಕನ್ನು ಎರಿಕ್ ಬ್ರೂಯರ್ 2000ದಲ್ಲಿ ಊಹೆಯಾಗಿ ಮುಂದಿಟ್ಟರು. ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಅದನ್ನು ಸಾಧಿಸಿ ತೋರಿಸಿದರು. ಎರಡು ಕೇಂದ್ರಗಳ ನಡುವಣ ಸಂಪರ್ಕ ಕಡಿದುಹೋಗಿ, ಎರಡೂ ಜೀವಂತವಾಗಿಯೇ ಇದ್ದಾಗ, ಇಬ್ಬಗೆಯಿಲ್ಲದ ಲೆಕ್ಕವನ್ನೂ ಎಲ್ಲರಿಗೂ ತಡೆಯಿಲ್ಲದ ಸೇವೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದು, ಒಂದನ್ನು ಬಿಡಲೇಬೇಕು. ಬೆಸಸಂಖ್ಯೆಯ ಪ್ರತಿಗಳನ್ನಿಟ್ಟು ಬಹುಮತದಿಂದ ತೀರ್ಮಾನಿಸುವುದು ಈ ಇಕ್ಕಟ್ಟನ್ನು ಸಹ್ಯವಾಗಿಸುತ್ತದೆ: ಮೂರರಲ್ಲಿ ಇಬ್ಬರು ಒಪ್ಪಿದರೆ ಬಾಬು ಸ್ಥಿರವಾಯಿತು, ಒಬ್ಬನು ಕೆಟ್ಟರೂ ಕೆಲಸ ನಿಲ್ಲದು. ಬರೆಯುವಾಗ ಒಪ್ಪಿದವರ ಸಂಖ್ಯೆಯೂ ಓದುವಾಗ ಕೇಳಿದವರ ಸಂಖ್ಯೆಯೂ ಕೂಡಿ ಒಟ್ಟು ಪ್ರತಿಗಳನ್ನು ಮೀರಿದರೆ ಎರಡು ಗುಂಪುಗಳಲ್ಲಿಯೂ ಇರುವ ಸಾಕ್ಷಿ ಒಬ್ಬನಾದರೂ ಸಿಕ್ಕುತ್ತಾನೆಂಬುದನ್ನು ಗಿಫರ್ಡ್ 1979ರಲ್ಲಿಯೇ ಹೇಳಿದ್ದರು. ಎರಡೇ ಪ್ರತಿಗಳಿದ್ದಲ್ಲಿ ಬಹುಮತವೆಂಬುದಿಲ್ಲ. ಸಂಪರ್ಕ ಕಡಿದಾಗ ಪ್ರತಿಯೊಬ್ಬನೂ ಇನ್ನೊಬ್ಬನು ಸತ್ತನೆಂದೇ ಭಾವಿಸಬಹುದು, ಅಥವಾ ಇಬ್ಬರೂ ಕೈಕಟ್ಟಿ ಕೂರಬಹುದು.

ಈ ಎರಡು ವಿಪತ್ತುಗಳಿಗೂ ಉದಾಹರಣೆಗಳುಂಟು. 2021ರ ಫೆಬ್ರವರಿ 24ರಂದು ಮುಂಬಯಿಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ವ್ಯವಹಾರ ನಿಂತಿತು. ಎಕ್ಸ್‌ಚೇಂಜಿನ ಕೇಂದ್ರಗಳ ನಡುವಣ ದೂರಸಂಪರ್ಕದ ತಂತಿಗಳು ಕೆಟ್ಟಿದ್ದುವು. ಇಬ್ಬರು ಬೇರೆ ಬೇರೆ ಒದಗಣೆದಾರರ ತಂತಿಗಳಿದ್ದರೂ ಎರಡೂ ಒಮ್ಮೆಗೇ ಕೈಕೊಟ್ಟುವು. ಸಂಪರ್ಕ ಕಡಿದರೆ ಮುಖ್ಯ ಕೇಂದ್ರದ ಕೆಲಸಕ್ಕೆ ಧಕ್ಕೆಯಾಗಬಾರದಾಗಿತ್ತು. ಆದರೆ ಮುಖ್ಯ ಕೇಂದ್ರದ ಶೇಖರಣಾ ವ್ಯವಸ್ಥೆಯೇ ತನ್ನ ಗಣಕಗಳಿಗೆ ಎಟುಕದಂತಾಗಿ, ನಷ್ಟಭೀತಿಯನ್ನು ಲೆಕ್ಕಹಾಕುವ ವ್ಯವಸ್ಥೆ ನಿಂತಿತು. ಕ್ಷೇಮಕ್ಕೆಂದು ಇಟ್ಟ ಪ್ರತಿಯ ಸಂಬಂಧವೇ ಮೂಲವನ್ನು ಕಟ್ಟಿಹಾಕಿದಂತಾಯಿತು. ಮಧ್ಯಾಹ್ನ 3 ಗಂಟೆ 45 ನಿಮಿಷಕ್ಕೆ ವ್ಯವಹಾರ ಪುನಃ ತೆರೆದು 5 ಗಂಟೆಯವರೆಗೆ ನಡೆಯಿತು. ದೂರಕೇಂದ್ರಕ್ಕೆ ಏಕೆ ದಾಟಲಿಲ್ಲವೆಂದು ಸೆಬಿ ಕೇಳಿತು. ಮರುತಿಂಗಳು ಹೊರಟ ಅದರ ಸುತ್ತೋಲೆಯಲ್ಲಿ, ಮುಖ್ಯ ವ್ಯವಸ್ಥೆ ಕೆಟ್ಟ 30 ನಿಮಿಷಗಳೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು, 45 ನಿಮಿಷಗಳಲ್ಲಿ ಕೆಲಸ ಪುನರಾರಂಭವಾಗಬೇಕು, ದೂರಕೇಂದ್ರವು ಬೇರೆ ಭೂಕಂಪವಲಯದಲ್ಲಿ, ಆಗದಿದ್ದರೆ ಕನಿಷ್ಠ 500 ಕಿಲೋಮೀಟರು ದೂರದಲ್ಲಿ ಇರಬೇಕು ಎಂಬ ವಿಧಿಗಳಿವೆ. ಇವುಗಳಲ್ಲಿ ಮೊದಲನೆಯದೇ ಹೆಚ್ಚು ಬೆಲೆಯುಳ್ಳದ್ದು. ಯಂತ್ರ ಕೆಟ್ಟಾಗ ಕಾಲ ಕಳೆಯುವುದು ಬಹುಮಟ್ಟಿಗೆ ‘ಇನ್ನೈದು ನಿಮಿಷ ನೋಡೋಣ’ ಎಂಬ ಮನುಷ್ಯರ ಸಂಕೋಚದಲ್ಲಿ.

ಇನ್ನೊಂದು ಬಗೆಯದು ಅಮೆರಿಕದ ಗಿಟ್‌ಹಬ್ ಸಂಸ್ಥೆಗೆ 2018ರ ಅಕ್ಟೋಬರ್ 21ರಂದು ಒದಗಿತು. ಪೂರ್ವ ಕರಾವಳಿಯ ಕೇಂದ್ರದ ಸಂಪರ್ಕ ಕೇವಲ 43 ಸೆಕೆಂಡು ಕಡಿದಿತ್ತು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮದ ಪ್ರತಿಯನ್ನು ಯಜಮಾನನನ್ನಾಗಿ ಮಾಡಿತು. ಪೂರ್ವದಲ್ಲಿ ಕೊನೆಗೆ ಬಿದ್ದ ಕೆಲವು ಬಾಬುಗಳು ಪಶ್ಚಿಮಕ್ಕೆ ಮುಟ್ಟಿರಲೇ ಇಲ್ಲ. ಎರಡೂ ಕಿರ್ದಿಗಳಲ್ಲಿ ಇನ್ನೊಂದರಲ್ಲಿಲ್ಲದ ಬರಹ ಸೇರಿಹೋಯಿತು. ಸೇವೆ ಸಂಪೂರ್ಣವಾಗಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. 43 ಸೆಕೆಂಡು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲವೆನ್ನುವುದು ಸುಲಭ. ಆದರೆ ಸಂಪರ್ಕ 43 ಸೆಕೆಂಡಿಗೆ ಮರಳುವುದೆಂದು ಆ ಕ್ಷಣದಲ್ಲಿ ಯಾರೂ ಬಲ್ಲವರಿಲ್ಲ.

ಅಂಗಡಿಯಂಥ ವ್ಯವಹಾರಗಳಲ್ಲಿ ಇದನ್ನು ಇನ್ನೊಂದು ರೀತಿಯಲ್ಲಿ ಬಗೆಹರಿಸುವರು. ಅಮೆಜಾನಿನವರು 2007ರಲ್ಲಿ ಪ್ರಕಟಿಸಿದ ಡೈನಮೋ ಎಂಬ ವ್ಯವಸ್ಥೆಯಲ್ಲಿ ಗ್ರಾಹಕನ ಖರೀದಿಯ ಬುಟ್ಟಿಗೆ ಸಾಮಾನು ಸೇರಿಸುವುದನ್ನು ಯಾವಾಗಲೂ ಒಪ್ಪಿಕೊಂಡು, ಪ್ರತಿಗಳಲ್ಲಿ ಭೇದವಿದ್ದರೆ ಆಮೇಲೆ ಕೂಡಿಸುತ್ತಾರೆ. ತೆಗೆದುಹಾಕಿದ ಸಾಮಾನು ಒಮ್ಮೊಮ್ಮೆ ಬುಟ್ಟಿಯಲ್ಲಿ ಮತ್ತೆ ಕಾಣಿಸಿದರೂ ಹಾನಿಯಿಲ್ಲ. ಬ್ಯಾಂಕಿನಲ್ಲಿ ಇದು ಸಲ್ಲದೆಂದು ಪಂಡಿತರು ಥಟ್ಟನೆ ಹೇಳಿಬಿಡುತ್ತಾರೆ. ಆ ಮಾತು ಪೂರ್ತಿ ನಿಜವಲ್ಲ. ಸಂಪರ್ಕ ಕಡಿದಾಗಲೂ ಎಟಿಎಂ ಯಂತ್ರವು ಒಂದು ಮಿತಿಯೊಳಗೆ ಹಣ ಕೊಡುವಂತೆ ಮಾಡಬಹುದೆಂಬ ಉದಾಹರಣೆಯನ್ನು 2012ರಲ್ಲಿ ಬ್ರೂಯರ್ ಅವರೇ ಕೊಟ್ಟಿದ್ದಾರೆ: ನಷ್ಟವಾಗಬಹುದು, ಆದರೆ ಅದು ಮಿತಿಗಿಂತ ಹೆಚ್ಚಾಗದು. ಹೊರಊರಿನ ಚೆಕ್ಕು ವಸೂಲಾಗುವ ಮೊದಲೇ ಪರಿಚಿತ ಗ್ರಾಹಕನಿಗೆ ಹಣ ಕೊಡುತ್ತಿದ್ದ ಹಳೆಯ ಏಜೆಂಟನೂ ಇದನ್ನೇ ಮಾಡುತ್ತಿದ್ದ. 2022ರ ಸೆಪ್ಟೆಂಬರಿನಲ್ಲಿ ಬಂದ ಯುಪಿಐ ಲೈಟ್ ಇದೇ ತತ್ತ್ವದ ಮೇಲೆ ನಿಂತಿದೆ. ಚಿಲ್ಲರೆ ಪಾವತಿಗಳು ಆ ಕ್ಷಣದಲ್ಲಿ ಬ್ಯಾಂಕಿನ ಮುಖ್ಯ ದತ್ತಸಂಚಯವನ್ನು ಮುಟ್ಟುವುದೇ ಇಲ್ಲ. ಮೊದಲೇ ತೆಗೆದಿಟ್ಟ ಸಣ್ಣ ಮೊತ್ತದಿಂದ ಕಳೆಯುತ್ತವೆ. ಆರಂಭದಲ್ಲಿ ಒಂದು ಪಾವತಿಗೆ 200 ರೂಪಾಯಿ ಮಿತಿಯಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು 1,000ಕ್ಕೆ ಏರಿಸಲಾಯಿತು. ಕಲ್ಯಾಣ ಸ್ಟೇಷನ್ನಿನ ಬಳಿಯ ಉಡುಪಿ ಹೋಟೆಲಿನ ಕಾಫಿಯ ದುಡ್ಡಿಗಾಗಿ ದೇಶದ ದೊಡ್ಡ ಲೆಡ್ಜರನ್ನು ಬಿಚ್ಚಬೇಕಾಗಿಲ್ಲವೆಂಬುದು ಇದರ ಅಭಿಪ್ರಾಯ. ಎಷ್ಟರವರೆಗಿನ ಮೊತ್ತ ಕಾಯದೆ ಹೋಗಬಹುದು, ಎಷ್ಟರಿಂದ ಮುಂದೆ ಎರಡನೆಯ ಪ್ರತಿಯ ಉತ್ತರಕ್ಕೆ ಕಾಯಲೇಬೇಕು ಎಂಬ ಗೆರೆಯನ್ನು ಎಳೆಯತಕ್ಕವನು ಎಂಜಿನಿಯರನಲ್ಲ, ನಷ್ಟ ಹೊರುವ ಬ್ಯಾಂಕರು. ದುರದೃಷ್ಟವಶಾತ್ ಅನೇಕ ಕಡೆ ಯಂತ್ರವನ್ನು ಮಾರಿದವನು ಇಟ್ಟುಹೋದ ಸಂಖ್ಯೆಯೇ ಈ ಗೆರೆಯಾಗಿ ಉಳಿದುಬಿಡುತ್ತದೆ.

ಪಾಲುಗಳ ನಡುವೆ ಸಿಕ್ಕಿಬಿದ್ದ ಹಣಕ್ಕೂ ಈಗ ಬೆಲೆ ಕಟ್ಟಲಾಗಿದೆ. ಮೇಲೆ ಹೇಳಿದ ವರ್ತಕ ಇಂದು ಯುಪಿಐ ಮೂಲಕ ಬಳ್ಳಾರಿಗೆ ಹಣ ಕಳುಹಿಸಿದಾಗ ಇಲ್ಲಿ ಖರ್ಚು ಬಿದ್ದು ಅಲ್ಲಿ ಜಮಾ ಆಗದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ವ್ಯವಹಾರದ ಮರುದಿನದೊಳಗೆ ಅದು ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಅಂಚೆಯ ಕಾಲದಲ್ಲಿ ವಾರಗಟ್ಟಲೆ ತೂಗಾಡುತ್ತಿದ್ದ ಮೂರನೆಯ ಲೆಕ್ಕ ಇನ್ನೂ ಜೀವಂತವಾಗಿಯೇ ಇದೆ. ಅದರ ಆಯುಸ್ಸು ಮಾತ್ರ ಒಂದು ದಿನಕ್ಕೆ ಇಳಿದಿದೆ.

ಅವನಿಗೆ ಆ ಒಂದು ದಿನವೂ ದೀರ್ಘವೇ. ಹಣ ಹೋಯಿತೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ನೋಡುತ್ತಾನೆ; ಹಿಂಬಾಲಕ ಪ್ರತಿಯಿಂದ ಹಳೆಯ ಶಿಲ್ಕು ಕಂಡರೆ ಹೋಗಿಲ್ಲವೆಂದೆಣಿಸಿ ಎರಡನೆಯ ಸಲ ಕಳುಹಿಸಿಬಿಡುತ್ತಾನೆ. ತಾನು ಬರೆದದ್ದನ್ನು ತಾನು ಓದುವಾಗಲಾದರೂ ಯಜಮಾನ ಗಣಕವನ್ನೇ ಕೇಳಬೇಕೆಂಬ ನಿಯಮ ಇದರಿಂದ ಹುಟ್ಟಿತು. ಆದರೆ ಎಲ್ಲರೂ ಯಜಮಾನನನ್ನೇ ಕೇಳತೊಡಗಿದರೆ? 2025ರ ಏಪ್ರಿಲ್ 12ರಂದು ಯುಪಿಐ ಕುಂಠಿತವಾದುದಕ್ಕೆ ಪಾವತಿಗಳ ಸಂಖ್ಯೆಗಿಂತ, ಹಿಂದಿನ ಪಾವತಿಗಳ ಸ್ಥಿತಿಯೇನೆಂದು ಮತ್ತೆ ಮತ್ತೆ ಬಂದ ವಿಚಾರಣೆಗಳ ಪ್ರವಾಹವೇ ಕಾರಣವೆಂದು ಪಾವತಿ ನಿಗಮ ಕಂಡುಕೊಂಡಿತು. ತಡವಾದುದರಿಂದ ವಿಚಾರಣೆ, ವಿಚಾರಣೆಯಿಂದ ಇನ್ನಷ್ಟು ತಡ. ಅದೇ ವರ್ಷ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50ಕ್ಕಿಂತ ಹೆಚ್ಚು ಸಲ ಶಿಲ್ಕು ನೋಡದಂತೆ ಮಿತಿ ಬಂದಿತು. ದಿನಕ್ಕೆ ಐವತ್ತು ಸಲ ಪಾಸ್‌ಬುಕ್ಕು ತಂದವನನ್ನು ಹಿಂದಿನ ಕೌಂಟರಿನಲ್ಲಿ ಹೇಗೆ ನೋಡುತ್ತಿದ್ದರೆಂಬುದನ್ನು ಊಹಿಸಿಕೊಳ್ಳಬಹುದು.

ಪ್ರತಿಯನ್ನು ಕುರಿತ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹೇಳದೆ ಬಿಡುವಂತಿಲ್ಲ. ಪ್ರತಿಯು ವಿಧೇಯ, ಮೂಲದಲ್ಲಿ ತಪ್ಪಾಗಿ ಅಳಿಸಿದ್ದನ್ನು ಅದೂ ಕ್ಷಣಮಾತ್ರದಲ್ಲಿ ಅಳಿಸುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ, ಹಿಂದೆಬಿದ್ದ ಪ್ರತಿಯನ್ನು ಸರಿಪಡಿಸಲು ಹೋದವರು ಮೂಲದ ಕಡತಗಳನ್ನೇ ಅಳಿಸಿಬಿಟ್ಟರು. ಪ್ರತ್ಯೇಕವಾಗಿ ತೆಗೆದಿಡುತ್ತಿದ್ದ ನಕಲುಗಳು ಬಹುಕಾಲದಿಂದ ಸರಿಯಾಗಿ ಆಗುತ್ತಿರಲಿಲ್ಲವೆಂಬುದು ಆಗಲೇ ತಿಳಿದದ್ದು. ಆರು ಗಂಟೆಗಳಷ್ಟು ಕಾಲದ ಮಾಹಿತಿ ಹೋಯಿತು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸಂಸ್ಥೆಯ ಗಣಕಗಳನ್ನು ಸುಲಿಗೆಕೋರರು ಬೀಗಹಾಕಿದಂತೆ ಮಾಡಿದಾಗ, ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿಸೇವೆ ನಿಂತಿತು. ಇಂಥ ಆಕ್ರಮಣಗಳಿಗೆ ಪ್ರತಿ ಎಷ್ಟಿದ್ದರೂ ಸಾಲದು. ತಂತಿಯಿಂದ ಕಡಿದು ಬೇರೆ ಇಟ್ಟ ಹಳೆಯ ನಕಲು ಬೇಕು. ಹಳೆಯ ಶಾಖೆಗಳಲ್ಲಿ ವರ್ಷಾಂತ್ಯದ ಶಿಲ್ಕಿನ ಪುಸ್ತಕವನ್ನು ಲೆಡ್ಜರುಗಳ ಕಪಾಟಿನಲ್ಲಿಡದೆ ಬೇರೆ ಭದ್ರಪಡಿಸುತ್ತಿದ್ದುದರ ಯುಕ್ತಿ ಇದೇ.

ದೂರಕೇಂದ್ರ ಇದೆಯೆಂಬುದೂ ಅದು ಕೆಲಸ ಮಾಡುತ್ತದೆಂಬುದೂ ಬೇರೆ ಬೇರೆ. 2024ರ ಮಾರ್ಚ್ 2ರಂದು, ಶನಿವಾರ, ಷೇರುಪೇಟೆಯವರು ವಿಶೇಷ ಅಧಿವೇಶನ ನಡೆಸಿ, ಮೊದಲ ಭಾಗವನ್ನು ಮುಖ್ಯ ಕೇಂದ್ರದಿಂದಲೂ ಎರಡನೆಯದನ್ನು ದೂರಕೇಂದ್ರದಿಂದಲೂ ನಿಜವಾದ ವ್ಯವಹಾರದೊಡನೆಯೇ ನಡೆಸಿ ನೋಡಿದರು. ಮೇ 18ರಂದು ಅದನ್ನು ಪುನರಾವರ್ತಿಸಿದರು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2023ರ ನವೆಂಬರಿನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶವು ಮುಖ್ಯ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಇಂಥ ಪರೀಕ್ಷೆಯನ್ನು ವಿಧಿಸುತ್ತದೆ. ಗುಂಡಿಯೊತ್ತಿ ದೀಪ ಹತ್ತಿತೆಂದು ತೃಪ್ತಿಪಡುವಂತಿಲ್ಲ. ದಿನದ ಆರಂಭದ ಲೆಕ್ಕದಿಂದ ದಿನದ ಮುಕ್ತಾಯದ ಲೆಕ್ಕದವರೆಗೆ ಪೂರ್ಣವಾದ ಒಂದು ಕೆಲಸದ ದಿನವಾದರೂ ದೂರಕೇಂದ್ರದಿಂದಲೇ ನಡೆಯಬೇಕು. ಹಾಗೆ ನಡೆದ ದಿನ ಉಲ್ಹಾಸನಗರದ ಶಾಖೆಯಲ್ಲಿ ಪಾಸ್‌ಬುಕ್ಕು ಮುದ್ರಿಸುವ ಗುಮಾಸ್ತನ ಪ್ರಶ್ನೆಗೆ ಉತ್ತರ ಬರುವುದು ನೂರಾರು ಮೈಲಿಯಾಚೆಯ ಪ್ರತಿಯಿಂದ, ಎಂದಿಗಿಂತ ಹತ್ತಾರು ಮಿಲಿಸೆಕೆಂಡು ತಡವಾಗಿ. ಅದು ಅವನಿಗೂ ತಿಳಿಯುವುದಿಲ್ಲ, ಎದುರಿಗೆ ನಿಂತ ಖಾತೆದಾರನಿಗೂ ತಿಳಿಯುವುದಿಲ್ಲ.